ಸ್ವನಿಧಿ, ಬಡವರ ಬಂಧು, ಮೀಟರ್ ಬಡ್ಡಿ: ಬೀದಿ ಬದಿಯ ವ್ಯಾಪಾರಿಯ ಕೈಗೆ ನಿಜಕ್ಕೂ ಒದಗುವ ಸಾಲ ಯಾವುದು?

ದಾವಣಗೆರೆಯ ಓದುಗ:

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿ ದಾವಣಗೆರೆಯಲ್ಲಿ ದೇವಸ್ಥಾನವೊಂದರ ಎದುರು ಹಲವು ವರ್ಷಗಳಿಂದ ಹೂವು ಮಾರುತ್ತಿದ್ದಾರೆ. ಬೆಳಗಿನ ಜಾವ ಸೇವಂತಿಗೆ, ಕನಕಾಂಬರ ಕೊಳ್ಳಲು ಕೈಯಲ್ಲಿ ಹಣವಿಲ್ಲದ ದಿನ ಮೀಟರ್ ಬಡ್ಡಿಯವರನ್ನು ಕೇಳುತ್ತಾರೆ. ಅವರು 900 ರೂಪಾಯಿ ಕೊಟ್ಟು ಸಂಜೆ 1,000 ರೂಪಾಯಿ ಎಣಿಸಿಕೊಂಡು ಹೋಗುತ್ತಾರೆ. ಮೊನ್ನೆ ಪಾಲಿಕೆಯ ಸಮುದಾಯ ಸಂಘಟಕರೊಬ್ಬರು ಬಂದು, ಪ್ರಧಾನಮಂತ್ರಿ ಸ್ವನಿಧಿ ಯೋಜನೆಯಲ್ಲಿ ಈಗ ಮೊದಲ ಸಾಲವೇ 15,000 ರೂಪಾಯಿ ಸಿಗುತ್ತದೆ, ಅರ್ಜಿ ಹಾಕಿ ಎಂದು ಹೇಳಿ ಹೋದರು. ಪಕ್ಕದಲ್ಲಿ ಕೂರುವವರು ಬಡವರ ಬಂಧು ಸಾಲವೇ ವಾಸಿ, ಅದಕ್ಕೆ ಬಡ್ಡಿಯೇ ಇಲ್ಲ ಎನ್ನುತ್ತಾರೆ. ನಮ್ಮ ಮಾವನವರು ಮಾತ್ರ ಸ್ವನಿಧಿ ಸಾಲ ತೆಗೆದುಕೊಂಡರೆ ಯುಪಿಐ ಇಟ್ಟುಕೊಳ್ಳಬೇಕಾಗುತ್ತದೆ, ಆಮೇಲೆ ಜಿಎಸ್‌ಟಿ ನೋಟಿಸು ಬರುತ್ತದೆ ಎಂದು ಹೆದರಿಸಿದ್ದಾರೆ. ತಿಳಿದವರು ಲೆಕ್ಕ ಸಮೇತ ಹೇಳಿದರೆ ಉಪಕಾರವಾಗುತ್ತದೆ.

ನಿವೃತ್ತ ಬ್ಯಾಂಕ್ ವ್ಯವಸ್ಥಾಪಕ:

ಲೆಕ್ಕವನ್ನೇ ಕೇಳಿದ್ದೀರಿ, ಅಲ್ಲಿಂದಲೇ ಹೊರಡೋಣ. ನಿಮ್ಮ ತಾಯಿ ತಿಂಗಳಿಗೆ 20 ದಿನ ಮಾತ್ರ ಮೀಟರ್ ಬಡ್ಡಿಯವರ ಬಳಿ ಹೋಗುತ್ತಾರೆ ಎಂದುಕೊಂಡರೂ, ಅದೇ 900 ರೂಪಾಯಿಯ ಬಂಡವಾಳಕ್ಕೆ ತಿಂಗಳಿಗೆ 2,000 ರೂಪಾಯಿ ಬಡ್ಡಿ ಕೊಟ್ಟಂತಾಯಿತು. ಇದಕ್ಕೆ ಎದುರಾಗಿ 15,000 ರೂಪಾಯಿಯ ಸಾಲವನ್ನು ಶೇ. 12ರ ಬಡ್ಡಿಯಲ್ಲಿ 12 ಕಂತುಗಳಲ್ಲಿ ತೀರಿಸುವುದಾದರೆ, ತಿಂಗಳ ಕಂತು ಸುಮಾರು 1,333 ರೂಪಾಯಿ ಬರುತ್ತದೆ, ಇಡೀ ವರ್ಷಕ್ಕೆ ತೆರುವ ಬಡ್ಡಿ ಸಾವಿರ ರೂಪಾಯಿಯನ್ನು ಮುಟ್ಟುವುದಿಲ್ಲ. ಅದರಲ್ಲೂ ಶೇ. 7ರಷ್ಟು ಬಡ್ಡಿ ಸಹಾಯಧನವನ್ನು ಕೇಂದ್ರ ಸರ್ಕಾರ ಮೂರು ತಿಂಗಳಿಗೊಮ್ಮೆ ನೇರವಾಗಿ ಸಾಲಗಾರರ ಖಾತೆಗೆ ಹಾಕುತ್ತದೆ. ಅದು ಸುಮಾರು 580 ರೂಪಾಯಿ ಆಗುತ್ತದೆ. ಉಳಿಯುವ ಹೊರೆ ವರ್ಷಕ್ಕೆ ನಾಲ್ಕುನೂರು ರೂಪಾಯಿಯ ಆಸುಪಾಸು. ಮೀಟರ್ ಬಡ್ಡಿಯ ಐದು ದಿನದ ಬಡ್ಡಿಗೂ ಇದು ಸಮವಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಈ ಯೋಜನೆಯಲ್ಲಿ ಬ್ಯಾಂಕುಗಳಲ್ಲದೆ ಕಿರುಸಾಲ ಸಂಸ್ಥೆಗಳೂ ಸಾಲ ಕೊಡಬಹುದು, ಅವುಗಳ ಬಡ್ಡಿದರ ಬ್ಯಾಂಕಿಗಿಂತ ಹೆಚ್ಚು. ಬಡ್ಡಿ ಶೇ. 24 ಆದರೆ ಕಂತು 1,418 ರೂಪಾಯಿಗೆ ಏರುತ್ತದೆ, ಸಹಾಯಧನ ಕಳೆದ ಮೇಲೂ 1,400 ರೂಪಾಯಿಗೂ ಮಿಕ್ಕಿ ಬಡ್ಡಿ ಕೈಯಿಂದ ಹೋಗುತ್ತದೆ. ಸಹಾಯಧನ ಎಲ್ಲರಿಗೂ ಒಂದೇ ಶೇ. 7. ಆದ್ದರಿಂದ ಅರ್ಜಿಯಲ್ಲಿ ಸಾಲ ಕೊಡುವ ಸಂಸ್ಥೆಯನ್ನು ಆರಿಸುವಾಗ ಜನಧನ್ ಖಾತೆಯೋ ಉಳಿತಾಯ ಖಾತೆಯೋ ಇರುವ ನಿಮ್ಮದೇ ಬ್ಯಾಂಕ್ ಶಾಖೆಯನ್ನು ಹೆಸರಿಸುವುದು ಲೇಸು.

ಯೋಜನೆ ಆರಂಭವಾದದ್ದು 2020ರ ಜೂನ್ 1ರಂದು, ಮೊದಲ ಲಾಕ್‌ಡೌನ್ ಇನ್ನೂ ಪೂರ್ತಿ ಸಡಿಲವಾಗದ ಹೊತ್ತಿನಲ್ಲಿ. ಆಗ ಮೊದಲ ಸಾಲ 10,000, ಅದನ್ನು ಸರಿಯಾಗಿ ತೀರಿಸಿದವರಿಗೆ 20,000, ಆಮೇಲೆ 50,000 ಎಂಬ ಏಣಿ ಇತ್ತು. 2025ರ ಆಗಸ್ಟ್ 27ರಂದು ಕೇಂದ್ರ ಸಂಪುಟ ಇದನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಿ, ಮೊದಲ ಎರಡು ಮೆಟ್ಟಿಲುಗಳನ್ನು 15,000 ಮತ್ತು 25,000ಕ್ಕೆ ಏರಿಸಿತು. ಎರಡನೆಯ ಸಾಲ ತೀರಿಸಿದವರಿಗೆ ಯುಪಿಐಗೆ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡ್ ಕೊಡುವುದೆಂದೂ ಆಗಲೇ ತೀರ್ಮಾನವಾಯಿತು. ಅಡಮಾನ ಬೇಕಿಲ್ಲ. ಅವಧಿಗೆ ಮೊದಲೇ ತೀರಿಸಿದರೆ ದಂಡವೂ ಇಲ್ಲ.

ನಾನು ಶಾಖೆಯಲ್ಲಿ ಇದ್ದಾಗ ಅನೇಕರು ಇದನ್ನು ಸರ್ಕಾರ ಮನ್ನಾ ಮಾಡುವ ಸಾಲ ಎಂದು ತಿಳಿದು ಬಂದದ್ದುಂಟು. ಸರ್ಕಾರದ ಸಾಲ ಖಾತರಿ ಇರುವುದು ಬ್ಯಾಂಕಿನ ನಷ್ಟ ತುಂಬಲಿಕ್ಕೆ, ಸಾಲಗಾರರ ಬಾಕಿ ಅಳಿಸಲಿಕ್ಕಲ್ಲ. 90 ದಿನ ಕಂತು ನಿಂತರೆ ಖಾತೆ ಸುಸ್ತಿಯಾಗುತ್ತದೆ, ಬಡ್ಡಿ ಸಹಾಯಧನ ನಿಲ್ಲುತ್ತದೆ, ಮುಂದಿನ ಮೆಟ್ಟಿಲು ಮುಚ್ಚಿಹೋಗುತ್ತದೆ.

ತರಕಾರಿ ಗಾಡಿ, ಮೈಸೂರು:

ವ್ಯವಸ್ಥಾಪಕರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಗಾಡಿಯ ಹಿಂದೆ ನಿಂತವರಿಗೆ ಆ ಲೆಕ್ಕ ಬೇರೆ ರೀತಿಯಲ್ಲಿ ಕಾಣುತ್ತದೆ ಎಂಬುದನ್ನು ಹೇಳಬೇಕಾಗಿದೆ. ನಾನು ಎರಡನೆಯ ಸಾಲದವರೆಗೂ ಬಂದವನು, ಆದ್ದರಿಂದ ದೂರುವ ಉದ್ದೇಶದಿಂದ ಬರೆಯುತ್ತಿಲ್ಲ.

ಬಂಡೀಪಾಳ್ಯದ ಎಪಿಎಂಸಿಗೆ ನಾಲ್ಕು ಗಂಟೆಗೆ ಹೋದರೆ ಟೊಮೆಟೊ ಕ್ರೇಟು, ಬೀನ್ಸ್ ಮೂಟೆ, ಸೊಪ್ಪಿನ ಕಟ್ಟು ಎಂದು ಮೂರು ಸಾವಿರದಷ್ಟು ಮಾಲು ಎತ್ತುತ್ತೇನೆ. ರಾತ್ರಿ ಒಂಬತ್ತಕ್ಕೆ ಆ ಮೂರು ಸಾವಿರವೂ ಅದರ ಮೇಲಿನ ಐದುನೂರೋ ಆರುನೂರೋ ಕೈಗೆ ಬರಬೇಕು. ಮಳೆ ಹಿಡಿದರೆ ಸೊಪ್ಪು ಕೊಳೆತು ಅಸಲಿಗೇ ಪೆಟ್ಟು. ಅಂದರೆ ನನ್ನ ಬಂಡವಾಳ ಪ್ರತಿದಿನ ಒಮ್ಮೆ ಪೂರ್ತಿ ತಿರುಗುತ್ತದೆ. ಹೀಗೆ ದಿನ ತಿರುಗುವ ಹಣಕ್ಕೆ ತಿಂಗಳಿಗೊಮ್ಮೆ 1,333 ರೂಪಾಯಿ ಒಟ್ಟಿಗೆ ಎತ್ತಿಡಬೇಕು ಎಂದಾಗಲೇ ಕಷ್ಟ ಆರಂಭವಾಗುವುದು. ದಿನಕ್ಕೆ 45 ರೂಪಾಯಿ ಎಂದರೆ ಯಾರೂ ಕೊಟ್ಟಾರು. ಆದರೆ ಆ 45ನ್ನು ಮನೆಯಲ್ಲಿ ಇಟ್ಟರೆ ಅದು ಮಗುವಿನ ಔಷಧಿಗೋ ಗ್ಯಾಸಿಗೋ ಹೋಗಿರುತ್ತದೆ, ಐದನೇ ತಾರೀಖಿಗೆ ಖಾತೆಯಲ್ಲಿ ಹಣವಿಲ್ಲದೆ ಕಂತು ಬೌನ್ಸ್ ಆದರೆ ಅದಕ್ಕೆ ಪ್ರತ್ಯೇಕ ಶುಲ್ಕ ಬೀಳುತ್ತದೆ.

ಮೀಟರ್ ಬಡ್ಡಿಯವನು ದುಬಾರಿ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. ಅವನು ಗಾಡಿಯ ಬಳಿಗೇ ಬರುತ್ತಾನೆ, ಕಾಗದ ಕೇಳುವುದಿಲ್ಲ, ಬೆಳಿಗ್ಗೆ ನಾಲ್ಕಕ್ಕೆ ಸಿಗುತ್ತಾನೆ. ಬ್ಯಾಂಕು ಹತ್ತು ಗಂಟೆಗೆ ಬಾಗಿಲು ತೆರೆಯುವಷ್ಟರಲ್ಲಿ ನನ್ನ ಅರ್ಧ ವ್ಯಾಪಾರ ಮುಗಿದಿರುತ್ತದೆ.

ಸಹಕಾರಿ ಬ್ಯಾಂಕ್ ಸಿಬ್ಬಂದಿ, ಶಿವಮೊಗ್ಗ:

ಮೈಸೂರಿನವರು ಎತ್ತಿದ ಮಾತು ಈ ಚರ್ಚೆಯ ತಿರುಳು ಎಂದು ನನಗೆ ಅನಿಸುತ್ತದೆ. ಕರ್ನಾಟಕ ಸರ್ಕಾರ 2018ರ ನವೆಂಬರ್‌ನಲ್ಲಿ ಬಡವರ ಬಂಧು ಯೋಜನೆ ತಂದಾಗ ಅದರ ಹಿಂದಿದ್ದ ಆಲೋಚನೆಯೂ ಇದೇ ಆಗಿತ್ತು. ಸಹಕಾರ ಇಲಾಖೆಯ ಮೂಲಕ, ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳು ಮತ್ತು ಪಟ್ಟಣ ಸಹಕಾರ ಬ್ಯಾಂಕುಗಳು 2,000ದಿಂದ 10,000 ರೂಪಾಯಿವರೆಗೆ ಅಲ್ಪಾವಧಿ ಸಾಲ ಕೊಡುವುದು, ಬಡ್ಡಿಯ ಭಾರವನ್ನು ಸರ್ಕಾರ ಹೊರುವುದು ಎಂಬುದು ಅದರ ಕ್ರಮ. ಮೊತ್ತ ಚಿಕ್ಕದು, ಅವಧಿಯೂ ಚಿಕ್ಕದು, ಗುರಿ ನೇರವಾಗಿ ಮೀಟರ್ ಬಡ್ಡಿ. ಸ್ವನಿಧಿಗಿಂತ ಇದು ಸುಮಾರು ಒಂದೂವರೆ ವರ್ಷ ಹಳೆಯದು ಎಂಬುದನ್ನು ಬಹಳ ಜನ ಮರೆತಿದ್ದಾರೆ.

ಬಡ್ಡಿಯೇ ಇಲ್ಲದ ಸಾಲ ಎಂದಾಕ್ಷಣ ಅದೇ ಉತ್ತಮ ಎಂದು ಹೇಳಲಾರೆ. ಸರ್ಕಾರದಿಂದ ಬಡ್ಡಿಯ ಹಣ ಬ್ಯಾಂಕಿಗೆ ಯಾವಾಗ ಬರುತ್ತದೆ ಎಂಬುದರ ಮೇಲೆ ಶಾಖೆಯವರ ಉತ್ಸಾಹ ನಿಂತಿರುತ್ತದೆ. ಶೂನ್ಯ ಬಡ್ಡಿಯ ಸಾಲ ವ್ಯಾಪಾರಿಗೆ ಎಷ್ಟು ಹಿತವೋ, ಕೊಡುವ ಶಾಖೆಗೆ ಅಷ್ಟೇ ನೀರಸ. ಒಳಗಿನವನಾಗಿ ಇದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ದಿನದ ವಸೂಲಿಯ ವಿಷಯಕ್ಕೆ ಬಂದರೆ, ಇದಕ್ಕೆ ಪರಿಹಾರ ನಮ್ಮ ನಾಡಿನಲ್ಲೇ ಹುಟ್ಟಿ ನೂರು ವರ್ಷವಾಗುತ್ತಾ ಬಂತು. ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಏಜೆಂಟರ ಮೂಲಕ ಮನೆಬಾಗಿಲಿನಲ್ಲೇ ಸಂಗ್ರಹಿಸಿತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಸರಿಯಾಗಿ ಎರಡು ತಿಂಗಳಿಗೆ ಸ್ವನಿಧಿ ಬಂತು. ಮಾಸಿಕ ಕಂತು ನಿಗದಿ ಮಾಡಿದವರು ಪಿಗ್ಮಿಯ ಕಡೆ ಒಮ್ಮೆ ನೋಡಿದ್ದರೆ ಚೆನ್ನಾಗಿತ್ತು. ಹಾಗೆಂದು ಈಗ ದಾರಿಯೇ ಇಲ್ಲವೆಂದಲ್ಲ. ಸಹಕಾರಿ ಬ್ಯಾಂಕಿನಲ್ಲೋ ಸೌಹಾರ್ದ ಸಹಕಾರಿಯಲ್ಲೋ ದಿನಕ್ಕೆ 50 ರೂಪಾಯಿಯ ಪಿಗ್ಮಿ ಕಟ್ಟಿಸಿ, ತಿಂಗಳ ಕೊನೆಗೆ ಅದರಿಂದ ಸ್ವನಿಧಿಯ ಕಂತು ತುಂಬುವವರನ್ನು ನಾನು ಬಲ್ಲೆ. ಅದಕ್ಕೆ ಮುಂಚೆ, ತಿಂಗಳ ಕೊನೆಗೆ ಹಣ ವಾಪಸು ತೆಗೆಯಲು ಆ ಸಂಸ್ಥೆಯ ನಿಯಮ ಅವಕಾಶ ಕೊಡುತ್ತದೆಯೇ, ಅವಧಿಗೆ ಮುನ್ನ ತೆಗೆದರೆ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಬಾಯಿಮಾತಿನಲ್ಲಲ್ಲ, ಪುಸ್ತಕದಲ್ಲಿ ನೋಡಿಕೊಳ್ಳಬೇಕು.

ತೆರಿಗೆ ಕಟ್ಟುವವನು:

ಎಲ್ಲರೂ ಒಂದೇ ಕಡೆ ವಾಲುತ್ತಿರುವುದರಿಂದ ಕೇಳುತ್ತೇನೆ. ಬಾಡಿಗೆ, ಪರವಾನಗಿ ಶುಲ್ಕ, ವಿದ್ಯುತ್ ಬಿಲ್ ಎಲ್ಲವನ್ನೂ ಕಟ್ಟುವ ಚಿಕ್ಕ ಅಂಗಡಿಯವನಿಗೆ ಇಲ್ಲದ ಬಡ್ಡಿ ಸಹಾಯಧನ, ಪಾದಚಾರಿ ಮಾರ್ಗದಲ್ಲಿ ಗಾಡಿ ನಿಲ್ಲಿಸಿದವರಿಗೆ ಏಕೆ ಸಿಗಬೇಕು? ಸಾಲ ಕೊಟ್ಟಷ್ಟೂ ಪಾದಚಾರಿ ಮಾರ್ಗ ಕಿರಿದಾಗುವುದಿಲ್ಲವೇ?

ಬೀದಿ ವ್ಯಾಪಾರಿಗಳ ಸಂಘದ ಕಾರ್ಯಕರ್ತೆ, ಬೆಂಗಳೂರು:

ಮೇಲಿನ ಪ್ರಶ್ನೆ ಒರಟಾಗಿದ್ದರೂ ಅದಕ್ಕೆ ಉತ್ತರ ಕೊಡಲೇಬೇಕು, ಏಕೆಂದರೆ ಮೂಲ ಪ್ರಶ್ನೆ ಕೇಳಿದವರಿಗೆ ಬೇಕಾದ ಉತ್ತರವೂ ಅದರಲ್ಲೇ ಇದೆ. ಸಾಲಕ್ಕೂ ಜಾಗಕ್ಕೂ ಇರುವ ನಂಟನ್ನು ಈವರೆಗೆ ಯಾರೂ ಮುಟ್ಟಲಿಲ್ಲ.

ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ ಕಾಯ್ದೆ 2014ರ ಮೇ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಪ್ರತಿ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು. ಸಮೀಕ್ಷೆಯಲ್ಲಿ ಸಿಕ್ಕವರಿಗೆ, ವಾರ್ಡ್ ಅಥವಾ ನಗರದ ಜನಸಂಖ್ಯೆಯ ಶೇ. 2.5ರ ಮಿತಿಯಲ್ಲಿ, ವ್ಯಾಪಾರ ವಲಯದಲ್ಲಿ ಜಾಗ ಮತ್ತು ಪ್ರಮಾಣಪತ್ರ ಕೊಡಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಹಂಚುವವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಇದನ್ನೆಲ್ಲ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ರಷ್ಟು ಸದಸ್ಯರು ಚುನಾಯಿತ ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಅಂದರೆ ಪಾದಚಾರಿಗೂ ವ್ಯಾಪಾರಿಗೂ ಜಾಗ ಹಂಚುವ ವಿಧಾನ ಕಾನೂನಿನಲ್ಲೇ ಇದೆ. ಹಂಚದೆ ಉಳಿದಿರುವುದು ವ್ಯಾಪಾರಿಯ ತಪ್ಪಲ್ಲ. ಸಾಲ ಸೌಲಭ್ಯವೂ ಸರ್ಕಾರ ಕರುಣೆಯಿಂದ ಕೊಡುವ ಕೊಡುಗೆಯಲ್ಲ. ಬೀದಿ ವ್ಯಾಪಾರಿಗಳಿಗೆ ಸಾಲ, ವಿಮೆ, ಸಾಮಾಜಿಕ ಭದ್ರತೆ ಒದಗಿಸುವ ಮಾತು ಅದೇ ಕಾಯ್ದೆಯಲ್ಲಿದೆ.

ಬೆಂಗಳೂರಿನ ಲೆಕ್ಕ ನೋಡಿ. 2011ರ ಜನಗಣತಿಯ 84 ಲಕ್ಷಕ್ಕೆ ಶೇ. 2.5 ಎಂದರೆ ಎರಡು ಲಕ್ಷ ದಾಟುತ್ತದೆ. 2017ರ ಸಮೀಕ್ಷೆಯಲ್ಲಿ ಪಾಲಿಕೆ ಗುರುತಿಸಿದ್ದು ಸುಮಾರು 25 ಸಾವಿರ ಮಂದಿಯನ್ನು. ಪಟ್ಟಿಯಿಂದ ಹೊರಗುಳಿದ ವ್ಯಾಪಾರಿಗಳು ಕಾಗದದಲ್ಲಿ ಇಲ್ಲದ ಜನ. 2023ರ ನವೆಂಬರ್‌ನಲ್ಲಿ ಜಯನಗರ 4ನೇ ಬ್ಲಾಕಿನಲ್ಲಿ ತೆರವು ನಡೆದಾಗ ದಶಕಗಳಿಂದ ಅಲ್ಲೇ ಕೂರುತ್ತಿದ್ದವರೂ ಸರಕು ಬಾಚಿಕೊಂಡು ಓಡಬೇಕಾಯಿತು. ಸ್ವನಿಧಿಗೆ ಬೇಕಾದ ಗುರುತಿನ ಚೀಟಿಯನ್ನೋ ಶಿಫಾರಸು ಪತ್ರವನ್ನೋ ಕೊಡುವುದು ನಗರ ಸ್ಥಳೀಯ ಸಂಸ್ಥೆ, ಗಾಡಿ ಎತ್ತಿಕೊಂಡು ಹೋಗುವ ಲಾರಿ ಬರುವುದೂ ಅದೇ ಕಚೇರಿಯಿಂದ. ಒಂದು ವಾರ ಜಾಗ ತಪ್ಪಿದರೆ ಆ ತಿಂಗಳ ಕಂತು ಹೋಯಿತು. ಆಗ ಸುಸ್ತಿದಾರ ಎಂಬ ಹಣೆಪಟ್ಟಿ ಬೀಳುವುದು ವ್ಯಾಪಾರಿಗೆ. ಆದ್ದರಿಂದ ನನ್ನ ಮಾತು ಇಷ್ಟೇ: 15,000 ರೂಪಾಯಿಗಿಂತ ಮೊದಲು ಕೇಳಬೇಕಾದದ್ದು ಪ್ರಮಾಣಪತ್ರ. ಸಾಲವನ್ನು ಆ ಕಾಗದ ಪಡೆಯುವ ಒಂದು ನೆಪವೆಂದು ಬಳಸಿಕೊಂಡರೂ ತಪ್ಪಿಲ್ಲ.

ಸ್ವನಿಧಿಯ ಪಟ್ಟಿಯಲ್ಲಿ ಹೆಸರಿರುವುದರ ಬೆಲೆ 2021ರ ಮೇ ತಿಂಗಳಲ್ಲಿ ಎಲ್ಲರಿಗೂ ತಿಳಿಯಿತು. ರಾಜ್ಯ ಸರ್ಕಾರ ಲಾಕ್‌ಡೌನ್ ಪರಿಹಾರವಾಗಿ ಬೀದಿ ವ್ಯಾಪಾರಿಗಳಿಗೆ ತಲಾ 2,000 ರೂಪಾಯಿ ಘೋಷಿಸಿದಾಗ ಆಧಾರವಾಗಿ ಹಿಡಿದದ್ದು ಸ್ವನಿಧಿಯ ನೋಂದಣಿಯನ್ನೇ. ಸಾಲವೇ ಬೇಡ ಎಂದು ದೂರ ಉಳಿದವರಿಗೆ ಪರಿಹಾರವೂ ದೂರವೇ ಉಳಿಯಿತು.

ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋಗಿದ್ದರೆ ಬಿಳಿ ಹಾಳೆಯ ಮೇಲೆ ಅರ್ಜಿ ಬರೆದು, ಸ್ಥಳ ವಿಚಾರಣೆ ಮಾಡಿ ಶಿಫಾರಸು ಪತ್ರ ಕೊಡಿ ಎಂದು ಪಾಲಿಕೆಯನ್ನು ಕೇಳಲು ಯೋಜನೆಯ ಮಾರ್ಗಸೂಚಿಯಲ್ಲೇ ಅವಕಾಶವಿದೆ. ಸಂಘದ ಸದಸ್ಯತ್ವದ ಚೀಟಿ, ಹಳೆಯ ಸುಂಕದ ರಸೀದಿ ಏನಿದ್ದರೂ ಜೊತೆಗೆ ಲಗತ್ತಿಸಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕೌಂಟರಿನಿಂದ ಕದಲಬೇಡಿ.

ಇನ್ನೊಂದು ವಿಷಯ ಹೂವಿನವರಿಗೆ ಬಹಳ ಮುಖ್ಯ. ಸರಕು ವಶಪಡಿಸಿಕೊಂಡರೆ ಅದರ ಪಟ್ಟಿ ಮಾಡಿ ಪ್ರತಿ ಕೊಡಬೇಕು. ಹೂವು, ಹಣ್ಣು, ಸೊಪ್ಪಿನಂಥ ಕೆಡುವ ಸರಕನ್ನು ಕೇಳಿದ ದಿನವೇ, ಕೆಡದ ಸರಕನ್ನು ಎರಡು ಕೆಲಸದ ದಿನದೊಳಗೆ ಹಿಂದಿರುಗಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಈ ನಿಯಮವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಹೂವಿನ ಬುಟ್ಟಿಯಲ್ಲಿ ಇಟ್ಟುಕೊಳ್ಳಿ ಎಂದು ನಾವು ಎಲ್ಲರಿಗೂ ಹೇಳುತ್ತೇವೆ.

ತೆರಿಗೆ ಕಟ್ಟುವವನು:

ಕಾನೂನಿನ ಮಾತನ್ನು ಒಪ್ಪುತ್ತೇನೆ. ಶೇ. 2.5ರ ಮಿತಿ ಇದೆ ಎಂಬುದು ನನಗೆ ತಿಳಿದಿರಲಿಲ್ಲ. ಆದರೂ ವ್ಯಾಪಾರ ವಲಯ ಗುರುತಿಸದೆ ಸಾಲ ಮಾತ್ರ ಹಂಚುವುದು ಎರಡೂ ಕಡೆಯವರಿಗೆ ಅನ್ಯಾಯ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ತೆರಿಗೆ ಸಲಹೆಗಾರ, ಹುಬ್ಬಳ್ಳಿ:

ಜಿಎಸ್‌ಟಿ ಭಯದ ಬಗ್ಗೆ. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸು ಹೋದದ್ದು ದೊಡ್ಡ ಸುದ್ದಿಯಾಯಿತು, ಅಂಗಡಿಗಳ ಮುಂದೆ ಕ್ಯೂಆರ್ ಕೋಡ್ ಕಿತ್ತು ನಗದು ಮಾತ್ರ ಎಂಬ ಫಲಕ ತೂಗಿತು. ಜುಲೈ 23ರಂದು ಮುಖ್ಯಮಂತ್ರಿಗಳು ವರ್ತಕರೊಂದಿಗೆ ಸಭೆ ನಡೆಸಿ ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ಮಿತಿ ಮೀರಿದವರು ಮುಂದೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದರು. ಒಂದು ಕೈಯಲ್ಲಿ ಸ್ವನಿಧಿಯಡಿ ಡಿಜಿಟಲ್ ವಹಿವಾಟಿಗೆ ಪ್ರೋತ್ಸಾಹಧನವಾಗಿ ಕೊಡುವ ಕ್ಯಾಶ್‌ಬ್ಯಾಕ್, ಇನ್ನೊಂದು ಕೈಯಲ್ಲಿ ಅದೇ ವಹಿವಾಟಿನ ಮೇಲೆ ನೋಟಿಸು ಎಂದಾಗ ಜನ ಹೆದರದೆ ಇನ್ನೇನು ಮಾಡಿಯಾರು?

ಆದರೆ ನಿಮ್ಮ ತಾಯಿಯವರ ವಿಷಯದಲ್ಲಿ ಹೆದರಬೇಕಾಗಿಲ್ಲ. ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ, ಅಂದರೆ ದಿನಕ್ಕೆ ಸುಮಾರು 11,000 ರೂಪಾಯಿಯ ವ್ಯಾಪಾರ. ತಾಜಾ ಹೂವು, ತಾಜಾ ತರಕಾರಿಗೆ ತೆರಿಗೆಯೇ ಇಲ್ಲ, ಕೇವಲ ಇಂಥ ವಿನಾಯಿತಿ ಸರಕು ಮಾರುವವರು ಮಿತಿ ದಾಟಿದರೂ ನೋಂದಣಿ ಮಾಡಿಸಬೇಕಿಲ್ಲ. ಟೀ, ತಿಂಡಿ ಗಾಡಿಯವರ ಮಿತಿ ಮಾತ್ರ 20 ಲಕ್ಷ. ದಿನಕ್ಕೆ 5,500ರ ಸುತ್ತ ವ್ಯಾಪಾರವಿರುವವರು ಲೆಕ್ಕದ ಪುಸ್ತಕ ಇಡುವುದು ಒಳಿತು. ಎಲ್ಲರೂ ಮಾಡಬೇಕಾದ ಕೆಲಸವೊಂದಿದೆ: ವ್ಯಾಪಾರದ ಯುಪಿಐಗೆ ಬೇರೆ ಖಾತೆ ಇಡುವುದು. ಚೀಟಿ ಹಣ, ಮಗ ಕಳಿಸಿದ ಹಣ, ನೆಂಟರು ತೀರಿಸಿದ ಕೈಗಡ ಎಲ್ಲವೂ ಒಂದೇ ಖಾತೆಗೆ ಬಿದ್ದರೆ ಇಲಾಖೆಯ ಕಣ್ಣಿಗೆ ಅದೆಲ್ಲ ವ್ಯಾಪಾರವೇ.

ಕ್ಯಾಶ್‌ಬ್ಯಾಕಿನ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಯೋಜನೆಯ ಮೊದಲ ಹಂತದಲ್ಲಿ, ಅಂದರೆ 2025ರ ವಿಸ್ತರಣೆಗೆ ಮುಂಚೆ, ಅದು ತಿಂಗಳಿಗೆ ಹೆಚ್ಚೆಂದರೆ 100, ವರ್ಷಕ್ಕೆ 1,200 ರೂಪಾಯಿ ಇತ್ತು. ಈಗ ಸಗಟು ಖರೀದಿಯ ಪಾವತಿಯನ್ನೂ ಸೇರಿಸಿ 1,600ರವರೆಗೆ ಎಂದಾಗಿದೆ. ಮೊದಲ ಹಂತದ ನಿಯಮದಲ್ಲಿ 25 ರೂಪಾಯಿಗಿಂತ ಕಡಿಮೆಯ ಪಾವತಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಒಂದು ಮೊಳ ಹೂವಿಗೆ 20 ರೂಪಾಯಿ ಸ್ಕ್ಯಾನ್ ಮಾಡುವ ಗಿರಾಕಿಗಳೇ ಹೆಚ್ಚಿರುವಲ್ಲಿ ಇದರಿಂದ ಎಷ್ಟು ಬಂದೀತು ಎಂದು ನೀವೇ ಊಹಿಸಬಹುದು.

ದಾವಣಗೆರೆಯ ಓದುಗ:

ಎಲ್ಲರಿಗೂ ಕೃತಜ್ಞತೆಗಳು. ತಾಯಿಯವರಿಗೆ ಇದನ್ನೆಲ್ಲ ಓದಿ ಹೇಳಿದೆ. ಹಿಂದೆ ಪಾಲಿಕೆಯವರು ಬಂದು ಫೋಟೋ ತೆಗೆದುಕೊಂಡು ಹೋಗಿದ್ದರಂತೆ, ಆದರೆ ಚೀಟಿ ಯಾವುದೂ ಕೈಗೆ ಬಂದಿಲ್ಲ. ಇನ್ನೆರಡು ಪ್ರಶ್ನೆಗಳಿವೆ. ಒಂದು, ಅವರು ಮಹಿಳಾ ಸಂಘದ ಮೂಲಕ ಕಿರುಸಾಲ ಸಂಸ್ಥೆಯೊಂದರಲ್ಲಿ ತೆಗೆದ ಸಾಲದ ವಾರದ ಕಂತು ಇನ್ನೂ ನಡೆಯುತ್ತಿದೆ. ಅದಿದ್ದರೆ ಇದು ಸಿಗುವುದಿಲ್ಲವೇ? ಎರಡು, ಮೀಟರ್ ಬಡ್ಡಿಯವರಿಗೆ ಹಳೆಯ ಬಾಕಿಯೂ ಒಂದಿಷ್ಟಿದೆ. ಬರುವ 15,000ದಲ್ಲಿ ಮೊದಲು ಅದನ್ನು ತೀರಿಸಿಬಿಡೋಣ ಎಂದು ಅವರ ಆಸೆ.

ನಿವೃತ್ತ ಬ್ಯಾಂಕ್ ವ್ಯವಸ್ಥಾಪಕ:

ನಡೆಯುತ್ತಿರುವ ಸಂಘದ ಸಾಲ ಒಂದೇ ಕಾರಣಕ್ಕೆ ಅರ್ಜಿ ಬೀಳಬೇಕಾಗಿಲ್ಲ. ಬ್ಯಾಂಕು ನೋಡುವುದು ಆ ಕಂತುಗಳು ತಪ್ಪಿವೆಯೇ ಎಂದು. ತಪ್ಪಿದ್ದರೆ ಮೊದಲು ಅದನ್ನು ಸರಿಪಡಿಸಿಕೊಂಡು ಆಮೇಲೆ ಅರ್ಜಿ ಹಾಕಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಈಗಲೂ ಬಳಕೆಯಲ್ಲಿದೆಯೇ ಎಂದು ನೋಡಿ, ಅರ್ಧಕ್ಕರ್ಧ ಅರ್ಜಿಗಳು ಒಟಿಪಿಗಾಗಿಯೇ ಕುಂಟುತ್ತವೆ.

ಎರಡನೆಯದಕ್ಕೆ ನನ್ನ ಉತ್ತರ ತುಸು ಕಠಿಣ. ಇದು ದುಡಿಯುವ ಬಂಡವಾಳಕ್ಕೆ ಕೊಡುವ ಸಾಲ. ಪೂರ್ತಿ ಹಣವನ್ನು ಹಳೆಯ ಬಾಕಿಗೆ ಸುರಿದರೆ ಮರುದಿನ ಬೆಳಿಗ್ಗೆ ಹೂವು ಕೊಳ್ಳಲು ಮತ್ತೆ ಅವರ ಬಳಿಗೇ ಹೋಗಬೇಕು, ಜೊತೆಗೆ ಬ್ಯಾಂಕಿನ ಕಂತೂ ಹೆಗಲೇರಿರುತ್ತದೆ. ಮೂರು ನಾಲ್ಕು ಸಾವಿರವನ್ನು ದಿನದ ಖರೀದಿಗೆಂದು ಪ್ರತ್ಯೇಕ ಇಟ್ಟು, ಅದನ್ನು ಎಂದಿಗೂ ಮುಟ್ಟದೆ, ಉಳಿದದ್ದರಲ್ಲಿ ಬಾಕಿಯನ್ನು ಇಳಿಸುತ್ತಾ ಹೋಗಲಿ. ವರಮಹಾಲಕ್ಷ್ಮಿ ಹಬ್ಬದ ವಾರದಲ್ಲಿ ಹೂವಿನ ದರ ಏರಿದಾಗ ಅದೇ ಕೈಬಂಡವಾಳ ಕೈಹಿಡಿಯುತ್ತದೆ.

ಬೀದಿ ವ್ಯಾಪಾರಿಗಳ ಸಂಘದ ಕಾರ್ಯಕರ್ತೆ, ಬೆಂಗಳೂರು:

ಮೀಟರ್ ಬಡ್ಡಿಯವರ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ಮತ್ತು ಸಣ್ಣ ಸಾಲಗಳ ವಸೂಲಿಯಲ್ಲಿ ಬಲವಂತದ ಕ್ರಮಗಳನ್ನು ತಡೆಯುವ ಸುಗ್ರೀವಾಜ್ಞೆ ತಂದಿತು, ಮುಂದೆ ಅದು ಕಾಯ್ದೆಯೂ ಆಯಿತು. ನೋಂದಣಿ ಇಲ್ಲದೆ ಸಾಲ ಕೊಡುವುದು, ಮನೆ ಮುಂದೆ ಬಂದು ಬೆದರಿಸುವುದು, ದಾಖಲೆ ಕಸಿದುಕೊಳ್ಳುವುದು ಇವಕ್ಕೆಲ್ಲ ಹತ್ತು ವರ್ಷದವರೆಗಿನ ಜೈಲು ಮತ್ತು 5 ಲಕ್ಷದವರೆಗಿನ ದಂಡ ಅದರಲ್ಲಿದೆ. ಪ್ರತಿಯೊಬ್ಬರೂ ಠಾಣೆಗೆ ಹೋಗಬೇಕೆಂದು ನಾನು ಹೇಳುತ್ತಿಲ್ಲ, ಬೀದಿಯಲ್ಲಿ ದಿನವೂ ಮುಖ ನೋಡುವವರ ಮೇಲೆ ದೂರು ಕೊಡುವುದು ಬರೆದಷ್ಟು ಸುಲಭವಲ್ಲ. ಆದರೆ ನಾಲ್ಕೈದು ಜನ ಒಟ್ಟಾಗಿ ಹೋಗಿ, ಇನ್ನು ಮುಂದೆ ಅಸಲಿನ ಲೆಕ್ಕ ಬರೆದುಕೊಂಡು ತೀರಿಸುತ್ತೇವೆ ಎಂದು ಹೇಳುವಾಗ ಈ ಕಾಯ್ದೆ ಬೆನ್ನಿಗಿರುತ್ತದೆ.

ಪಾಲಿಕೆಯವರು ಫೋಟೋ ತೆಗೆದಿದ್ದಾರೆ ಎಂದರೆ ಸಮೀಕ್ಷೆಯ ಪಟ್ಟಿಯಲ್ಲಿ ಹೆಸರಿರುವ ಸಾಧ್ಯತೆ ಇದೆ. ಸೋಮವಾರವೇ ಆಧಾರ್ ಪ್ರತಿ ಹಿಡಿದು ಪಾಲಿಕೆಯ ನಗರ ಜೀವನೋಪಾಯ ಅಭಿಯಾನದ ವಿಭಾಗಕ್ಕೆ ಹೋಗಿ, ಸಮೀಕ್ಷೆಯ ಸಂಖ್ಯೆ ಕೇಳಿ. ಹೆಸರಿದ್ದರೆ ಗುರುತಿನ ಚೀಟಿ ಮತ್ತು ಪ್ರಮಾಣಪತ್ರ ಎರಡನ್ನೂ ಕೇಳಿ, ಇಲ್ಲದಿದ್ದರೆ ಶಿಫಾರಸು ಪತ್ರದ ಅರ್ಜಿಯನ್ನು ಅಲ್ಲೇ ಬರೆದುಕೊಡಿ.

ತರಕಾರಿ ಗಾಡಿ, ಮೈಸೂರು:

ಹೋಗುವಾಗ ಅಮ್ಮನವರನ್ನೂ ಕರೆದುಕೊಂಡು ಹೋಗಿ. ಅರ್ಜಿದಾರರು ಬರಲಿ ಎಂದು ವಾಪಸು ಕಳಿಸಿದರೆ ಇನ್ನೊಂದು ದಿನದ ವ್ಯಾಪಾರ ಹಾಳು. ಮಧ್ಯಾಹ್ನ ಹನ್ನೆರಡರ ಮೇಲೆ ದೇವಸ್ಥಾನದ ಬಾಗಿಲು ಹಾಕಿದ ಹೊತ್ತಿನಲ್ಲಿ ಹೋದರೆ ಅವರಿಗೂ ನಷ್ಟವಿರುವುದಿಲ್ಲ.